ಷಡ್ಡಕನಿಗಾಗಿ ಬರೆದ ನಿಯಮ

ನೀರು ಸರಬರಾಜು ಇಲಾಖೆಯಲ್ಲಿ ಸಲಹಾ ಸಮಿತಿಗಳನ್ನು ರಚಿಸುವ ವಿಭಾಗದ ಮುಖ್ಯ ಗುಮಾಸ್ತರನ್ನು ಎಲ್ಲರೂ ಕೋರಂರಾಯರೆಂದೇ ಕರೆಯುತ್ತಿದ್ದರು. ಸಭೆಗೆ ಮುನ್ನ ಬಾಗಿಲಲ್ಲಿ ನಿಂತು, ಬೇಕಾದಷ್ಟು ಜನ ಸೇರಿ ಕೋರಂ ತುಂಬಿತೇ ಎಂದು ಸದಸ್ಯರ ತಲೆ ಎಣಿಸುತ್ತಿದ್ದುದರಿಂದ ಅಂಟಿದ ಹೆಸರು ಅದು. 1963ರ ಜುಲೈ 1ರಂದು ಕೆಲಸಕ್ಕೆ ಸೇರಿದ ಅವರು ದರ ಸಮಿತಿ, ಸೋರಿಕೆ ಸಮಿತಿ, ಕಡೆಗೆ ಸಮಿತಿಗಳು ಅತಿಯಾದುವೆಂಬ ದೂರನ್ನು ವಿಚಾರಿಸಲು ಇನ್ನೊಂದು ಸಮಿತಿ, ಹೀಗೆ ಎಷ್ಟನ್ನೋ ಕಟ್ಟಿದ್ದರು. ಆದರೆ ಸಭೆಯ ಮೇಜಿನ ಸುತ್ತ ಒಮ್ಮೆಯೂ ಕುಳಿತವರಲ್ಲ. ಗೋಡೆಯ ಪಕ್ಕದ ಸ್ಟೂಲೇ ಅವರ ಆಸನ; ಬರೆದುಕೊಳ್ಳಲು ಸ್ವಂತ ಮೊಣಕಾಲೇ ಮೇಜು.

1991ರ ಮಾರ್ಚ್ 4, ಸೋಮವಾರ, ಆ ಕೊರಗು ನೀಗುವ ಕಾಲ ಬಂತು. ಬಳಕೆದಾರರ ಕಾಯಂ ಸಲಹಾ ಸಮಿತಿಯೊಂದನ್ನು ರಚಿಸಬೇಕೆಂದೂ ರಾಯರೇ ಅದರ ಸದಸ್ಯ ಕಾರ್ಯದರ್ಶಿಯಾಗಬೇಕೆಂದೂ ಇಲಾಖೆಯ ನಿರ್ದೇಶಕಿ ತಿಳಿಸಿದರು. ಅಂದರೆ ಮೇಜಿನ ಬಳಿ, ಆಕೆಯ ಬಲಗಡೆ, ಕೈಗಳುಳ್ಳ ಕುರ್ಚಿ. ರಾಯರು ಸಂಜೆ ಮನೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿಯೇ ಸುದ್ದಿ ಹೇಳಿದರು.

"ರೀ, ನಮ್ಮ ತಂಗಿ ಯಜಮಾನ್ರನ್ನ ನಿಮ್ಮ ಇಲಾಖೆಯ ಹೊಸ ಸಮಿತಿಗೆ ಆರಿಸಿದಾರಂತೆ. ಏನೇ ಹೇಳಿ, ಅವರಿಗಿರೋ ಮಾತು ಯಾರಿಗೂ ಇಲ್ಲ ಬಿಡಿ."

ರಾಯರು ತಮ್ಮ ಸುದ್ದಿ ಬಿಟ್ಟು ಕೈಕಾಲು ತೊಳೆಯಲು ಹೋದರು. ಕನ್ನಡಕದ ಅಂಗಡಿಯ ಆ ಷಡ್ಡಕ ಹುಟ್ಟಿದ್ದೇ ತಮ್ಮನ್ನು ಸಣ್ಣವರನ್ನಾಗಿ ಮಾಡಲೆಂದು ಅವರು ನಂಬಿದ್ದರು. ಇವರು ಸೈಕಲ್ ಕೊಂಡ ವರ್ಷ ಆತ ಸ್ಕೂಟರ್ ಕೊಂಡ. ಇವರು ಹೊಟ್ಟೆಬಟ್ಟೆ ಕಟ್ಟಿ ಸ್ಕೂಟರ್ ಕೊಳ್ಳುವ ಹೊತ್ತಿಗೆ ಆತ ಆರೋಗ್ಯಕ್ಕೆಂದು ನಡೆಯತೊಡಗಿದ. ಮಾವನವರು ಅದನ್ನೂ ಹೊಗಳಿದರು. ಈಗ ಆತ ಸದಸ್ಯ. ಇವರು ಆತ ಆಡಿದ್ದನ್ನು ಬರೆದುಕೊಳ್ಳುವ ಕಾರ್ಯದರ್ಶಿ. ಕುರ್ಚಿ ಸಿಕ್ಕಿಯೂ ಸ್ಟೂಲು ತಪ್ಪಲಿಲ್ಲವೆನಿಸಿತು.

ಸಮಿತಿಯ ನಿಯಮಗಳ ಕರಡು ಸಿದ್ಧಪಡಿಸುವ ಕೆಲಸ ರಾಯರದೇ. ಹತ್ತು ನಿಯಮಗಳು ಎಂದಿನಂತೆಯೇ ಬಂದವು. ಹನ್ನೊಂದನೆಯದನ್ನು ಅವರು ಹಲ್ಲು ಕಚ್ಚಿ ಹೊಸದಾಗಿ ಬರೆದರು: ಹತ್ತಿರದ ಸಂಬಂಧಿಗಳಾದ ಸದಸ್ಯ ಹಾಗೂ ನೌಕರ ಒಂದೇ ಸಮಿತಿಯಲ್ಲಿ ಇರತಕ್ಕದ್ದಲ್ಲ. ಯಾರು ಹೊರಹೋಗಬೇಕೆಂದು ಬರೆಯಲಿಲ್ಲ. ನಿಯಮ ಒಬ್ಬನತ್ತ ಬೆರಳು ತೋರಿಸಬಾರದೆಂಬುದು ಅವರ ಕಸುಬಿನ ನಿಷ್ಠೆ. ಸದಸ್ಯರು ಬಂದುಹೋಗುವವರು, ವಿಭಾಗ ಮಾತ್ರ ಶಾಶ್ವತ ಎಂದು ಅಷ್ಟು ವರ್ಷ ಕಂಡವರಿಗೆ, ಹೊರಹೋಗುವವನು ಯಾರೆಂಬ ಸಂಶಯವೇ ಬರಲಿಲ್ಲ. ನಿರ್ದೇಶಕಿ ಓದಿ ಮೆಚ್ಚಿದರು; ಏಪ್ರಿಲ್ 10ರಂದು ಆದೇಶ ಹೊರಟಿತು. ಅಂದು ರಾಯರು ಹೆಂಡತಿಯೊಡನೆ ಅಕಾರಣವಾಗಿ ನಗುನಗುತ್ತ ಮಾತನಾಡಿದರು.

ಜೂನ್ 17, ಸೋಮವಾರ, ನಿರ್ದೇಶಕಿ ಅವರನ್ನು ಕರೆಸಿದರು. ಸಮಿತಿಗೆ ಆರಿಸಿದ ಬಳಕೆದಾರರ ಪ್ರತಿನಿಧಿಗಳಲ್ಲೊಬ್ಬ ರಾಯರ ಷಡ್ಡಕನೆಂದು ಆಕೆಗೆ ಅದೇ ತಾನೆ ತಿಳಿದಿತ್ತು. ಸದಸ್ಯರ ಹೆಸರುಗಳನ್ನು ಮಂತ್ರಿಗಳು ಒಪ್ಪಿಯಾಗಿತ್ತು. ಅವನ್ನು ಮುಟ್ಟುವ ಅಧಿಕಾರ ಆಕೆಗಿರಲಿಲ್ಲ. ಗುಮಾಸ್ತರನ್ನು ಬದಲಿಸುವ ಅಧಿಕಾರವಿತ್ತು.

"ನಿಯಮ ನಿಮ್ಮದೇ ಅಲ್ವಾ ರಾಯರೇ," ಎಂದರು ಆಕೆ, ಬೇಸರದಿಂದಲೇ. "ನಾನು ಹೇಗೆ ಮೀರಲಿ?"

ರಾಯರನ್ನು ಮೀಟರ್ ಉಗ್ರಾಣಕ್ಕೆ ಹಾಕಿದರು. ಕೆಟ್ಟ ಮೀಟರುಗಳ ಆ ಗೋದಾಮಿಗೆ ಆಗಸ್ಟ್ 1ರಂದು, ಸಮಿತಿಯ ಮೊದಲ ಸಭೆ ಮುಗಿಸಿಕೊಂಡು, ಷಡ್ಡಕನೇ ಹುಡುಕಿಕೊಂಡು ಬಂದ. ಕೂರಲು ಜಾಗವಿಲ್ಲದೆ ಪೆಟ್ಟಿಗೆಯೊಂದರ ಮೇಲೆ ಕುಳಿತ.

"ಭಾವ, ಯಾರೋ ಹೊಟ್ಟೆಕಿಚ್ಚಿನವರು ನಿಮಗೆ ಅಂತಲೇ ಈ ನಿಯಮ ತುರುಕಿದಾರೆ. ಯಾರಂತ ಸಮಿತೀಲಿ ಕೇಳೇಬಿಡ್ತೀನಿ."

ರಾಯರು ಅವಸರದಿಂದ ತಡೆದರು. "ಬೇಡಪ್ಪ. ನಿಯಮ ಸರಿಯಾಗೇ ಇದೆ. ನಂಟಸ್ತಿಕೆ ಇರೋರು ದೂರ ಇರೋದೇ ಒಳ್ಳೇದು."

ಷಡ್ಡಕ ಎದ್ದು ಅವರ ಎರಡೂ ಕೈ ಹಿಡಿದುಕೊಂಡ. ಮುಂದಿನ ಸಭೆಯಲ್ಲಿ ಆತ ಆ ಮಾತನ್ನೇ ಎತ್ತಿ, ನಿಯಮಕ್ಕಾಗಿ ಕುರ್ಚಿ ಬಿಟ್ಟುಕೊಟ್ಟ ತನ್ನ ಭಾವನವರ ದೊಡ್ಡತನವನ್ನು ಬಣ್ಣಿಸಿದನಂತೆ. ಕೆಲವರು ಕಣ್ಣೊರೆಸಿಕೊಂಡರಂತೆ. ಹೆಂಡತಿ ಇದನ್ನು ತಂಗಿಯಿಂದ ಕೇಳಿ ಬಂದು, ಊಟಕ್ಕೆ ಬಡಿಸುತ್ತ ಹೇಳಿದರು.

"ಎಂಥಾ ಚಪ್ಪಾಳೆಯಂತೆ ರೀ! ಎಷ್ಟು ಚೆನ್ನಾಗಿ ಮಾತಾಡಿದಾರೆ ನೋಡಿ ಅವರು."