ಹಣೆ ಇಟ್ಟ ಮಣ್ಣು

ಆಪಾರ ಹಣೆಯ ಮೇಲೆ ಕಡಲೆಬೀಜದಷ್ಟು ಅಗಲದ ಒಂದು ಕಪ್ಪು ಗುರುತಿತ್ತು. ದಿನವೂ ನಮಾಜಿನಲ್ಲಿ ಹಣೆ ಊರಿ ಊರಿ ಆದದ್ದು. ನಾನು ಕುಂಕುಮ ಇಡುವ ಜಾಗಕ್ಕಿಂತ ಒಂದು ಬೆರಳು ಮೇಲೆ, ಅಷ್ಟೇ.

ಆ ಗುರುವಾರ ಬೆಳಿಗ್ಗೆ ಗೌರಿಬಿದನೂರಿನ ನಮ್ಮ ಮನೆಯಲ್ಲಿ ಎಲ್ಲವೂ ದಿನದಂತೆಯೇ ನಡೆದಿತ್ತು. ಹಾಲು ಕಾಯಿಸಿದ್ದೆ. ಕುಡುಮಲಕುಂಟೆಯ ಕಾರ್ಖಾನೆಗೆ ಮೊದಲ ಶಿಫ್ಟಿಗೆ ಹೊರಟ ಇವರಿಗೆ ಚಿತ್ರಾನ್ನದ ಡಬ್ಬಿ ಕಟ್ಟಿಕೊಟ್ಟಿದ್ದೆ. ದೇವರ ಮನೆಯಲ್ಲಿ ಅತ್ತೆ ಗಂಟೆ ಅಲ್ಲಾಡಿಸಿದ ಸದ್ದು ಆಗಷ್ಟೇ ನಿಂತಿತ್ತು. ಸ್ನಾನ ಮುಗಿಸಿ ಕನ್ನಡಿಯ ಮುಂದೆ ನಿಂತು ಹಣೆಗೆ ಬೆರಳು ಒತ್ತುವಾಗ ಫೋನ್ ಬಂತು. ಅಲೀಪುರದಿಂದ, ಆಪಾರ ಸೊಸೆ.

"ಆಂಟಿ, ಅತ್ತೆ ಹೋಗ್ಬಿಟ್ರು. ಬೆಳಗಿನ ಜಾವ," ಎಂದಳು. "ಮಧ್ಯಾಹ್ನದ ನಮಾಜ್ ಆಗ್ತಿದ್ದಂಗೆ ಎತ್ತುತ್ತಾರೆ. ಅವಳಿಗೆ ಹೇಳು, ಅವಳೊಂದು ತರೋದಿದೆ ಅಂತ ನಿಮ್ಮ ಬಗ್ಗೆ ಅಂತಿದ್ರು. ಏನು ತರೋದು ಅಂತ ನಮಗೆ ಗೊತ್ತಿಲ್ಲ."

ನನಗೆ ಗೊತ್ತಿತ್ತು. ಬಿಸ್ಕತ್ತಿನಷ್ಟು ದೊಡ್ಡದಾದ ಒಂದು ಮಣ್ಣಿನ ಬಿಲ್ಲೆ. ಅದು ನನ್ನ ಹತ್ತಿರವಿತ್ತು. ಕಫನ್ನಿನ ಬಿಳಿ ಬಟ್ಟೆ ಮುಖ ಮುಚ್ಚುವ ಮೊದಲು ಅದು ಆಪಾರ ಕೆನ್ನೆಯ ಪಕ್ಕ ಇರಬೇಕಿತ್ತು.

ಆಪಾ ಎಂದರೆ ಅಕ್ಕ. ನಮ್ಮ ಊರಿಂದ ಅಲೀಪುರ ಎಷ್ಟು ಹತ್ತಿರವೆಂದರೆ ಅಲ್ಲಿಯ ಹೆಂಗಸರು ಬಟ್ಟೆ ಕೊಳ್ಳಲು ನಮ್ಮ ಬೀದಿಗೇ ಬರುತ್ತಾರೆ. ಆದರೂ ಮದುವೆಯಾಗಿ ಬಂದಮೇಲೆ ಅವರಲ್ಲಿ ಒಬ್ಬರ ಜೊತೆಗೂ ನಾನು ಮಾತಾಡಿರಲಿಲ್ಲ. ಆಪಾ ಸಿಕ್ಕಿದ್ದು ಸಮುದ್ರ ದಾಟಿದ ಮೇಲೆ.

ಇವರಿಗೆ ಗಲ್ಫಿನ ಒಂದು ಕಟ್ಟುನಿಟ್ಟಿನ ದೇಶದಲ್ಲಿ ಕೆಲಸ ಸಿಕ್ಕಿತು. ಹೊರಡುವ ಮೊದಲು ಮನೆಗೆ ಬಂದವರೆಲ್ಲ ಒಂದೊಂದು ಹೆದರಿಕೆ ಕೊಟ್ಟು ಹೋದರು. ಕುಂಕುಮ ಇಟ್ಟರೆ ಬೈಯುತ್ತಾರಂತೆ, ದೇವರ ಮೂರ್ತಿ ಇದ್ದರೆ ಏರ್‌ಪೋರ್ಟಿನಲ್ಲೇ ಕಿತ್ತುಕೊಳ್ಳುತ್ತಾರಂತೆ. ಎಲ್ಲವೂ ಅಂತೆ. ಚಿಂತಾಮಣಿಯ ನಮ್ಮಮ್ಮ ಮಾತ್ರ ಹೆಬ್ಬೆರಳಿನಷ್ಟು ಉದ್ದದ ಬೆಳ್ಳಿ ಗಣಪತಿಯನ್ನು ಹುಣಸೆಹಣ್ಣಿನ ಉಂಡೆಯೊಳಗೆ ಒತ್ತಿ ನನ್ನ ಪೆಟ್ಟಿಗೆಗೆ ಹಾಕಿದರು. ಅಲ್ಲಿ ಹೋಗಿ ಉಂಡೆ ಬಿಡಿಸಿದಾಗ ಗಣಪತಿ ಹೊಸದಾಗಿ ತೊಳೆದ ಹಾಗೆ ಹೊಳೆಯುತ್ತಿದ್ದ. ಬಟ್ಟೆಯ ಬೀರುವಿನೊಳಗೆ ಅವನನ್ನು ಇಟ್ಟು, ಬಾಗಿಲು ಅರ್ಧ ತೆರೆದು ಕೈ ಮುಗಿದು ಮತ್ತೆ ಮುಚ್ಚುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳ ಹತ್ತಿರ ಓದಿದವಳಿಗೆ ತಲೆಯ ಮುಸುಕು ಹೊಸದಾಗಿರಲಿಲ್ಲ. ಆದರೆ ಲಿಫ್ಟಿನ ಸದ್ದಾದಾಗಲೆಲ್ಲ ಬೀರುವಿನ ಬಾಗಿಲಿಗೆ ಬೆನ್ನೊತ್ತಿ ನಿಲ್ಲುವುದು ಹೊಸದು.

ಒಂದು ದಿನ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿ ಕಿಟಕಿಯ ಬಳಿ ಸುಮ್ಮನೆ ನಿಂತಿದ್ದೆ. ಅಡುಗೆಮನೆಗಳ ಹೊಗೆ ಹೋಗುವ ಕಿಂಡಿಯಿಂದ, ಕೆಳಗಿನ ಮನೆಯಿಂದ ಒಂದು ದನಿ ಬಂತು.

"ಯಾರಮ್ಮಾ ಅದು, ಸಾಸಿವೆ ಸೀದೋಗ್ತಿದೆ. ಉರಿ ಸಣ್ಣ ಮಾಡು."

ಗೌರಿಬಿದನೂರಿನ ಸಂತೆಯಲ್ಲಿ ಕೇಳುವಂಥದೇ ಕನ್ನಡ. ನಾನು ಗಾಬರಿಯಲ್ಲಿ ಸ್ಟೌವನ್ನೇ ಆರಿಸಿಬಿಟ್ಟೆ.

"ಆರಿಸು ಅಂದ್ನಾ? ನಿನ್ನೆ ನಿಮ್ಮಮ್ಮನ ಹತ್ರ ಫೋನಲ್ಲಿ ಅಳ್ತಿದ್ದೋಳು ನೀನೇ ತಾನೆ? ಕೆಳಗೆ ಬಾ. ಕಾಫಿ ಕುಡಿಯುವಂತೆ."

ಆಪಾರ ಗಂಡ ಹರಳಿನ ವ್ಯಾಪಾರದವರು. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ತೆಲುಗು. ದಪ್ಪ ಮೈ, ಕಿರಿದಾದ ಪಾದ, ಮೊಣಕೈವರೆಗೂ ಹಸಿರು ಗಾಜಿನ ಬಳೆ. ನಾನು ಹೆದರಿ ಕೂತಾಗಲೆಲ್ಲ ಮಡಿಲಿಗೆ ಏನಾದರೂ ಸುರಿಯುತ್ತಿದ್ದರು, ಬಿಡಿಸಲು ಬೆಳ್ಳುಳ್ಳಿ, ಆರಿಸಲು ಅಕ್ಕಿ. "ಭಯಕ್ಕೆ ಕೆಲಸ ಕೊಡ್ಬೇಕು ಕಣೇ. ಸುಮ್ನೆ ಕೂರಿಸಿದ್ರೆ ಮನೆ ತುಂಬಾ ಓಡಾಡತ್ತೆ," ಅನ್ನುತ್ತಿದ್ದರು. ಹೊರಗೆ ಹೋಗುವಾಗ ನಾನು ಕುಂಕುಮ ಒರೆಸಿಕೊಂಡರೆ ಬೈಯುತ್ತಿದ್ದರು. "ಇಟ್ಕೋ. ಮುಸುಕು ಇನ್ನೊಂದಿಷ್ಟು ಮುಂದಕ್ಕೆಳಿ. ಯಾರು ನಿನ್ನ ಹಣೆ ಬಗ್ಗಿ ನೋಡ್ತಾರೆ?"

ಮೊದಲ ಮೊಹರಂ ಬಂದಾಗ ಆಪಾರ ಕೈ ಬರಿದಾಗಿತ್ತು. ಒಂದು ಬಳೆಯೂ ಇಲ್ಲ. ಏನಾಯಿತೋ ಎಂದು ಹೆದರಿದೆ. ಆಗ ಹೇಳಿದರು, ಅವರು ಶಿಯಾ ಎಂದು, ಕರ್ಬಲಾದಲ್ಲಿ ಮಡಿದ ಇಮಾಮರಿಗಾಗಿ ಈ ತಿಂಗಳು ಶೋಕ ಎಂದು. ಅಲೀಪುರದಲ್ಲಾದರೆ ಊರಿಗೆ ಊರೇ ಕಪ್ಪು ಉಟ್ಟು ಅಳುತ್ತದೆ. ಇಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬಾಯಿಗೆ ಟವೆಲ್ ಒತ್ತಿಕೊಂಡು ಅಳಬೇಕು. ಶಿಯಾಗಳ ನಮಾಜು ಈ ಕಟ್ಟಡದವರಿಗೆ ಸೇರುವುದಿಲ್ಲ.

"ಮುಸಲ್ಮಾನರ ದೇಶದಲ್ಲಿ ನಿಮಗೇನು ಭಯ ಆಪಾ?" ಎಂದೆ.

"ನಾನೂ ಹಂಗೇ ಅನ್ಕೊಂಡು ವಿಮಾನ ಹತ್ತಿದ್ದೆ," ಎಂದು ನಕ್ಕರು. ಆಮೇಲೆ ಕಿಟಕಿಯಾಚೆ ಹೋಗುತ್ತಿದ್ದ ಹೆಂಗಸರನ್ನು ತೋರಿಸಿದರು. "ನೋಡು, ವರ್ಷ ಪೂರ್ತಿ ಎಲ್ಲಾರೂ ಕಪ್ಪೇ. ಇಲ್ಲಿ ದುಃಖಕ್ಕೆ ಅಂತ ಬೇರೆ ಬಣ್ಣಾನೇ ಇಲ್ಲ."

ಆ ತಿಂಗಳಲ್ಲೇ ಒಂದು ಬೆಳಿಗ್ಗೆ ಕಟ್ಟಡದ ಕಾವಲುಗಾರ ಮನೆಮನೆಗೂ ಬಂದು, ಇವತ್ತು ಸರ್ಕಾರದ ಆಫೀಸಿನವರು ಎಲ್ಲ ಮನೆ ನೋಡುತ್ತಾರೆ ಎಂದು ಹೇಳಿ ಹೋದ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಇವರು ಕೆಲಸಕ್ಕೆ ಹೋಗಿದ್ದರು. ನಾನು ಗಣಪತಿಯನ್ನು ಕೈಯಲ್ಲಿ ಹಿಡಿದು ಬೀರುವಿಗೂ ಅಡುಗೆಮನೆಗೂ ಓಡಾಡುತ್ತಿದ್ದಾಗ ಆಪಾ ಮೆಟ್ಟಿಲು ಹತ್ತಿ ಬಂದರು. ಏದುಸಿರು. ಸೆರಗಿನ ಮರೆಯಲ್ಲಿ ಒಂದು ಹಸಿರು ಬಟ್ಟೆಯ ಗಂಟು.

"ನಿನ್ನ ಗಣಪತಿ ನನಗೆ ಕೊಡು. ಇದು ನೀನು ಇಟ್ಕೋ," ಎಂದರು. "ನಮ್ಮ ಮನೇಲಿ ಯಾರು ಗಣಪತಿ ಹುಡುಕ್ತಾರೆ? ನಿಮ್ಮ ಮನೇಲಿ ಯಾರು ಈ ಮಣ್ಣು ಹುಡುಕ್ತಾರೆ?"

ಗಂಟಿನಲ್ಲಿದ್ದದ್ದು ಆ ಬಿಲ್ಲೆ. ಕರ್ಬಲಾದ ಮಣ್ಣಿನಲ್ಲಿ ಮಾಡಿದ್ದು. ನಮಾಜಿನಲ್ಲಿ ಅವರು ಹಣೆ ಇಡುವುದು ಅದರ ಮೇಲೆ, ಸತ್ತಾಗ ಕೆನ್ನೆಯ ಪಕ್ಕ ಇಡುವುದೂ ಅದನ್ನೇ. ಮೊದಲು ಅವರ ತಾಯಿಯದಾಗಿತ್ತಂತೆ. ಮೇಲಿನ ಅಕ್ಷರಗಳೆಲ್ಲ ಸವೆದು, ನಡುವೆ ಒಂದು ಸಣ್ಣ ತಗ್ಗು ಬಿದ್ದಿತ್ತು. ನಾನು ಅದನ್ನು ಕನ್ನಡಿಯ ಮುಂದೆ, ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಡಬ್ಬಿಯ ಪಕ್ಕ ಇಟ್ಟೆ. ಬಂದವರು ಇಬ್ಬರು. ಬೂಟು ಬಾಗಿಲಲ್ಲೇ ಬಿಟ್ಟು, ತಲೆ ತಗ್ಗಿಸಿಕೊಂಡು ಎ.ಸಿ.ಯ ಪೈಪು ನೋಡಿ, ಎಷ್ಟು ಜನ ಇದ್ದೀರಿ ಎಂದು ಕೇಳಿ ಹೋದರು. ಅಷ್ಟಕ್ಕೇ ನನ್ನ ರವಿಕೆ ಬೆನ್ನಿಗಂಟಿತ್ತು.

ಆಮೇಲೆ ನಾವು ಬದಲಿಸಿಕೊಳ್ಳಲೇ ಇಲ್ಲ. ಆಪಾ ನಮಾಜಿಗೆ ಬೇರೊಂದು ಚಿಕ್ಕ ಬಿಲ್ಲೆ ತರಿಸಿಕೊಂಡರು. ಗಣಪತಿ ಅವರ ರಾಗಿಹಿಟ್ಟಿನ ಡಬ್ಬದಲ್ಲೇ ಉಳಿದ. ನಾವು ಊರಿಗೆ ಹೊರಟಾಗ ಅವನನ್ನು ತಂದುಕೊಟ್ಟರು. ಸೊಂಡಿಲ ಸಂದಿಯಲ್ಲೆಲ್ಲ ಹಿಟ್ಟು. "ತಗೋ. ಹೊಟ್ಟೆಗೇನೂ ಕಮ್ಮಿ ಮಾಡಿಲ್ಲ," ಎಂದರು. ಬಿಲ್ಲೆ ವಾಪಸ್ ಕೊಟ್ಟರೆ ತೆಗೆದುಕೊಳ್ಳಲಿಲ್ಲ. "ನಿನ್ನ ಪೆಟ್ಟಿಗೇಲಿ ಊರಿಗೆ ಹೋಗ್ಲಿ. ಅದು ಕೊನೇಗೆ ನನಗೆ ಬೇಕಾಗೋದು ಅಲ್ಲೇ."

ಎರಡು ವರ್ಷವಾದ ಮೇಲೆ ಆಪಾ ಕಿಡ್ನಿ ಕೆಟ್ಟು ಅಲೀಪುರಕ್ಕೆ ಮರಳಿದರು. ನೋಡಲು ಹೋದಾಗ ಬಿಲ್ಲೆಯನ್ನೂ ಒಯ್ದಿದ್ದೆ. ಊದಿದ ಕೈಯಿಂದ ಅದನ್ನು ಸವರಿ, ಮತ್ತೆ ನನ್ನ ಕೈಗೇ ಇಟ್ಟರು.

"ಆ ದಿನ ನೀನೇ ತಂದು ಕೊಡು. ಇಲ್ಲಾಂದ್ರೆ ನಿಮ್ಮ ಮನೇಲಿ ಏನಂತ ಹೇಳಿ ಬರ್ತೀಯಾ? ಬರಕ್ಕೆ ಒಂದು ನೆಪ ಬೇಡ್ವಾ?"

ಈಗ ಆ ದಿನ ಬಂದಿತ್ತು. ಫೋನ್ ಇಟ್ಟವಳೇ ದೇವರ ಮನೆಗೆ ಹೋದೆ. ನಮ್ಮ ಮನೆಯಲ್ಲಿ ಅಡುಗೆಮನೆ ನನ್ನದು, ದೇವರ ಮನೆ ಅತ್ತೆಯದು. ಒಂದು ಪವಿತ್ರವಾದ ಮಣ್ಣು, ನಂಬಿದವರು ಇಟ್ಟುಕೊಳ್ಳಲು ಕೊಟ್ಟಿದ್ದಾರೆ ಎಂದು ಊರಿಗೆ ಬಂದಾಗಲೇ ಅತ್ತೆಗೆ ಹೇಳಿ, ಮೇಲಿನ ಗೂಡಿನಲ್ಲಿ ಗಂಟನ್ನು ಇಟ್ಟಿದ್ದೆ. ಗೂಡಿನಲ್ಲಿ ಹಸಿರು ಬಟ್ಟೆ ಮಡಿಸಿದ್ದು ಮಾತ್ರ ಇತ್ತು. ಬಿಲ್ಲೆ ರಾಯರ ಪಟದ ಮುಂದೆ, ಸಣ್ಣ ತಟ್ಟೆಯಲ್ಲಿ, ಒಂದು ತುಳಸಿ ಕುಡಿಯ ಪಕ್ಕ ಕೂತಿತ್ತು. ನಡುವಿನ ತಗ್ಗಿನ ತುಂಬ ಕುಂಕುಮ.

"ಅತ್ತೆ, ಇದು..."

"ಮಂತ್ರಾಲಯದ ಮೃತ್ತಿಕೆ ಅಲ್ವೇನಮ್ಮ? ಗುರುವಾರ ಗುರುವಾರ ತೆಗೆದು ಪೂಜೆ ಮಾಡಿ ಕಟ್ಟಿಡ್ತೀನಿ."

ಅದು ಯಾವ ಮಣ್ಣು, ಯಾರದು, ಈಗ ಎಲ್ಲಿಗೆ ಹೋಗಬೇಕು ಎಂದು ಹೇಳಿದೆ. ಅತ್ತೆ ಮಣೆಯ ಮೇಲೆ ಕೂತುಬಿಟ್ಟರು.

"ಮಂಡಿ ನೋವು ಹೋಗ್ಲಿ ಅಂತ ಬೇಡ್ಕೊಂಡಿದೀನಿ ಕಣೇ ಇದರ ಮುಂದೆ," ಎಂದರು. "ಕಮ್ಮಿನೂ ಆಗಿದೆ."

ನಾನು ಬಿಲ್ಲೆ ಹಿಡಿದು ನಲ್ಲಿಯ ಕಡೆ ತಿರುಗಿದ್ದೆ. ಅತ್ತೆ ಅಲ್ಲಿಂದಲೇ ತಡೆದರು. "ನೀರು ಮುಟ್ಟಿಸ್ಬೇಡ, ಕರಗೋಗತ್ತೆ. ಒಣ ಬಟ್ಟೇಲಿ ಒರೆಸು."

ಒರೆಸಿದೆ. ಹಳೆಯ ಪಂಚೆಯ ಚೂರಿನಿಂದ, ಆಮೇಲೆ ಹತ್ತಿಯಿಂದ. ಜೋರಾಗಿ ಉಜ್ಜಿದರೆ ಮಣ್ಣೇ ಉದುರುತ್ತಿತ್ತು. ಮೆಲ್ಲಗೆ ಉಜ್ಜಿದರೆ ಬಣ್ಣ ಹೋಗುತ್ತಿರಲಿಲ್ಲ. ಭಯಕ್ಕೆ ಕೆಲಸ ಕೊಡು ಎಂದವರು ಅಲ್ಲಿ ಮಲಗಿದ್ದರು. ಹೊತ್ತು ಏರುತ್ತಿತ್ತು. ಕೊನೆಗೂ ನಡುವೆ ಒಂದು ತಿಳಿಗೆಂಪು ಉಳಿದೇಬಿಟ್ಟಿತು.

ಫೋನ್ ಮಾಡಿದಾಗ "ಶಿಫ್ಟ್ ಬಿಟ್ಟು ಹೆಂಗೆ ಬರ್ಲಿ" ಎಂದಿದ್ದ ಇವರು ಬೈಕಿನಲ್ಲಿ ಬಾಗಿಲಿಗೆ ಬಂದು ನಿಂತಿದ್ದರು. "ಅಲ್ಲಿ ಜ್ವರ ಬಂದಾಗ ಹತ್ತು ದಿನ ಅವರ ಮನೆ ಗಂಜಿ ಕುಡಿದಿದೀನಿ. ಹತ್ತು ಬೇಗ," ಎಂದರು. ಅತ್ತೆ ಬಾಗಿಲವರೆಗೂ ಬಂದರು. ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. "ಬರ್ತಾ ಹಿಂದಿನ ಬಾಗ್ಲಿಂದ ಬಾ. ನೀರು ಕಾಯಿಸಿಟ್ಟಿರ್ತೀನಿ," ಎಂದರು.

ಊರಾಚೆ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಮುಗಿಯುವಂತೆಯೇ ಇರಲಿಲ್ಲ. ಇವರು ಬೈಕು ಆರಿಸಲಿಲ್ಲ. ನಾನು ಗಂಟನ್ನು ಎರಡು ಕೈಯಲ್ಲೂ ಹಿಡಿದಿದ್ದೆ. ಅಂಗೈ ಬೆವರುತ್ತಿತ್ತು. ಒದ್ದೆ ತಾಗಿದರೆ ಎಂದು ಸೆರಗಿನ ಮೇಲಿಟ್ಟುಕೊಂಡೆ. ಗೇಟು ಎದ್ದಾಗ ಎಲ್ಲಿಂದಲೋ ಅಜಾನ್ ಕೇಳಿದಂತಾಯಿತು. ಇವರು ವೇಗ ಹೆಚ್ಚಿಸಿದರು.

ಅಲೀಪುರದ ಮನೆಯ ಮುಂದೆ ಗಂಡಸರು ಆಗಲೇ ಎದ್ದು ನಿಂತಿದ್ದರು. ಇವರು ಅವರ ಜೊತೆ ನಿಂತರು. ನನ್ನನ್ನು ಸೊಸೆ ಕೈ ಹಿಡಿದು ಒಳಗೆ ಕರೆದೊಯ್ದಳು. ಹೆಂಗಸರ ಕೋಣೆಯಲ್ಲಿ ಅಳು ಒಂದು ಕ್ಷಣ ತಗ್ಗಿತು. ನನ್ನ ಹಣೆಯ ಕುಂಕುಮದ ಮೇಲೆ ಎಲ್ಲರ ಕಣ್ಣು. ಕಫನ್ನು ಸುತ್ತಿಯಾಗಿತ್ತು. ಕೊನೆಯ ಸಲ ನೋಡಲೆಂದು ಮುಖ ಮಾತ್ರ ತೆರೆದಿತ್ತು. ತಲೆಯ ಬಳಿ ಕೂತಿದ್ದ ಮುದುಕಿ ಆಪಾರ ಅಕ್ಕ. ಅವರ ಮುಂದೆ ಗಂಟು ಬಿಚ್ಚಿದೆ.

"ಇದೇನಮ್ಮ ಕೆಂಪು?"

ಸುಳ್ಳು ಹೇಳಲು ಒಂದು ಗಳಿಗೆಯಿತ್ತು. ಹೇಳಲಾಗಲಿಲ್ಲ. "ಕುಂಕುಮ. ನಮ್ಮತ್ತೆ ದೇವರ ಮಣ್ಣು ಅನ್ಕೊಂಡು ಪೂಜೆ ಮಾಡಿದಾರೆ. ಎಷ್ಟು ಒರೆಸಿದ್ರೂ ಪೂರ್ತಿ ಹೋಗ್ಲಿಲ್ಲ," ಎಂದೆ.

ಸೊಸೆ ಉರ್ದುವಿನಲ್ಲಿ ಮೆಲ್ಲಗೆ ಹೇಳಿದ್ದು ನನಗೆ ಅರ್ಥವಾಯಿತು. ಇದು ಬೇಡ, ಪೆಟ್ಟಿಗೆಯಲ್ಲಿ ಬೇರೆ ಬಿಲ್ಲೆಗಳಿವೆ, ತರುತ್ತೇನೆ ಎಂದಳು. ಹೊರಗಿನಿಂದ ಗಂಡಸರು ಕೂಗಿದರು, ಹೊತ್ತಾಯಿತೆಂದು. ಮುದುಕಿ ಬಿಲ್ಲೆಯ ನಡುವಿನ ತಗ್ಗಿನಲ್ಲಿ ಹೆಬ್ಬೆರಳಿಟ್ಟು ಸವರುತ್ತಿದ್ದರು.

"ಇದು ನಮ್ಮಮ್ಮಂದು. ಈ ಗುಂಡಿ ನಮ್ಮಮ್ಮನ ಹಣೇದು," ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲೇ ಹೇಳಿದರು. "ಇಮಾಮರು ಹೋದ ದಿವಸ, ದೂರದ ಊರಲ್ಲಿ ಸೀಸೇಲಿಟ್ಟಿದ್ದ ಕರ್ಬಲಾದ ಮಣ್ಣು ತಾನಾಗೇ ಕೆಂಪಾಯ್ತಂತೆ. ನಮ್ಮಜ್ಜಿ ಹೇಳೋರು. ಈ ಮಣ್ಣು ಕೆಂಪಾಗೋದು ಹೊಸದೇನಲ್ಲ."

ಬಿಲ್ಲೆಯನ್ನು ನನ್ನ ಕಡೆಗೇ ಚಾಚಿದರು. "ಕೈ ಒರೆಸ್ಕೋ. ನೀನೇ ಇಡು. ನಿನ್ನ ಕೈಯಿಂದಾನೇ ಬರ್ಬೇಕು ಅಂತಿದ್ಲು."

ಅಂಗೈಯನ್ನು ಸೀರೆಗೆ ಒರೆಸಿಕೊಂಡು, ಬಿಳಿ ಬಟ್ಟೆಯ ಅಂಚು ಸರಿಸಿ, ಆಪಾರ ಕೆನ್ನೆಯ ಪಕ್ಕ ಇಟ್ಟೆ. ಹಣೆಯ ಮೇಲಿನ ಕಪ್ಪು ಗುರುತು ಹಾಗೆಯೇ ಇತ್ತು. ಮುದುಕಿ ಬಟ್ಟೆ ಮುಚ್ಚಿದರು.

ಗಂಡಸರು ಮಣ್ಣು ಮಾಡಿ ಬರುವವರೆಗೆ ಕಾದು, ಸಂಜೆ ಮನೆಗೆ ಬಂದಾಗ ಹಿಂದಿನ ಬಾಗಿಲು ತೆರೆದಿತ್ತು. ಬಚ್ಚಲಲ್ಲಿ ನೀರು ಹೊಗೆಯಾಡುತ್ತಿತ್ತು. ಅತ್ತೆ ಒಣ ಸೀರೆಯನ್ನು ಕಂಬಿಯ ಮೇಲೆ ಹಾಕಿ, "ಸಿಕ್ತಾ ಮುಖ?" ಎಂದಷ್ಟೇ ಕೇಳಿದರು. ತಲೆ ತಗ್ಗಿಸಿ ಹೂಂ ಎಂದೆ. ತಲೆಯ ಮೇಲೆ ಮೊದಲ ಚೊಂಬು ನೀರು ಅವರೇ ಹೊಯ್ದರು.

ದೀಪ ಹಚ್ಚುವ ಹೊತ್ತಿಗೆ ಎದುರುಮನೆಯವರು ಕರಿಬೇವು ಕೇಳಿಕೊಂಡು ಬಂದರು. ಹಿತ್ತಲಿಂದ ಎರಡು ಕಡ್ಡಿ ಮುರಿದು ಕೊಟ್ಟೆ. ಕೂದಲಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅವರು ಕರಿಬೇವು ಮೂಸಿ ನೋಡುತ್ತ, ಗೇಟಿನ ಚಿಲಕ ಎಳೆದುಕೊಳ್ಳುತ್ತ, ಉತ್ತರಕ್ಕೂ ಕಾಯದೆ ಅಂದು ಹೋದರು:

"ಏನಮ್ಮ, ಹೊತ್ತು ಮುಳುಗೋವಾಗ ತಲೆಗೆ ನೀರು ಹಾಕ್ಕೊಂಡಿದೀಯ, ಸ್ವಂತದೋರು ಯಾರೋ ಹೋದಂಗೆ."