ಅಳುವುದಕ್ಕೊಂದು ಜಾಗ

ದರ್ಜಿ ವಾಸವಿದ್ದ ಕಟ್ಟಡದಲ್ಲಿ ಗೋಡೆ ಎನ್ನುವುದು ಬರೀ ಮರ್ಯಾದೆಯ ಮಾತು. ಇದ್ದದ್ದು ಪ್ಲೈವುಡ್ ಹಲಗೆ. ಈಚೆಯವರು ಸೀನಿದರೆ ಆಚೆಯವರು ‘ಬಿಸಿನೀರು ಕುಡೀರಿ’ ಎನ್ನುತ್ತಿದ್ದರು. ಗಂಡ ಹೆಂಡತಿ ಜಗಳಕ್ಕೆ ಮೂರನೇ ಕೋಣೆಯಿಂದ ತೀರ್ಪು ಬರುತ್ತಿತ್ತು. ಒಂದು ಮನೆಯ ಜಾಗದಲ್ಲಿ ಎಂಟು ಮನೆ ತುರುಕಿದ್ದ ಮಾಲೀಕ ಇದನ್ನು ಒಗ್ಗಟ್ಟು ಎಂದು ಹೊಗಳುತ್ತಿದ್ದ. ತಾನು ಮಾತ್ರ ಊರಾಚೆ, ತೋಟದ ನಡುವೆ ಒಬ್ಬನೇ ಇದ್ದ.

ದರ್ಜಿಯ ಹೆಂಡತಿಯ ತಾಯಿ ತೀರಿಕೊಂಡು ಎರಡು ತಿಂಗಳಾದರೂ ಆಕೆ ಮನಸಾರೆ ಅತ್ತಿರಲಿಲ್ಲ. ದುಃಖವಿಲ್ಲದೆ ಅಲ್ಲ, ಸರದಿ ಬಂದಿರಲಿಲ್ಲ. ಹಗಲು ಬಲಗಡೆಯ ಮನೆಯ ಕಾವಲುಗಾರ ರಾತ್ರಿಪಾಳಿ ಮುಗಿಸಿ ಮಲಗಿರುತ್ತಿದ್ದ. ಸಂಜೆ ಎಡಗಡೆಯ ಹುಡುಗಿಗೆ ಪರೀಕ್ಷೆಯ ಓದು. ಅದು ಮುಗಿಯಿತು ಎನ್ನುವಾಗ ಎದುರುಮನೆಗೆ ಕೂಸು ಬಂತು. ಅದು ಮಲಗಿದರೆ ಇಡೀ ಮಹಡಿ ತುದಿಗಾಲಲ್ಲಿ ನಡೆಯಬೇಕು. ಸುದ್ದಿ ಬಂದ ದಿನ ಒಮ್ಮೆ ಬಿಕ್ಕಿದ್ದಳು, ಅಷ್ಟೇ. ಸಮಾಧಾನ ಹೇಳಲು ನುಗ್ಗಿದವರು ಕೂರಲು ಜಾಗವಿಲ್ಲದೆ ಒಬ್ಬರ ಕಾಲು ಒಬ್ಬರು ತುಳಿದು, ಕೊನೆಗೆ ಆಕೆಯೇ ಅವರನ್ನು ಸಮಾಧಾನ ಮಾಡಬೇಕಾಯಿತು.

ಈಗ ಊಟವೂ ಸೇರುತ್ತಿರಲಿಲ್ಲ. ‘ರೀ, ಎದೆ ಭಾರ ಆಗಿದೆ. ಒಂದ್ಸಲ ಗಟ್ಟಿಯಾಗಿ ಅತ್ತುಬಿಡ್ಬೇಕು. ಎಲ್ಲಾದ್ರೂ ಕರ್ಕೊಂಡು ಹೋಗಿ’ ಎಂದಳು.

ದರ್ಜಿ ಊರೆಲ್ಲ ಸುತ್ತಿಸಿದ. ತಾರಸಿಯ ಮೇಲೆ ಬಟ್ಟೆ ಒಣಹಾಕುವವರ ಸಾಲು. ಪಾರ್ಕಿನ ಬೆಂಚಿನಲ್ಲಿ ಪ್ರೇಮಿಗಳು. ಅವರು ಏಳುವುದನ್ನೇ ಕಾಯುತ್ತ ನಿಂತ ಇನ್ನೊಂದು ಜೋಡಿ. ಸ್ಮಶಾನವಾದರೂ ಇದೆಯಲ್ಲ ಎಂದು ಹೋದರೆ, ಬೇರೆಲ್ಲೂ ಜಾಗ ಸಿಗದ ವ್ಯಾಯಾಮದ ತಂಡವೊಂದು ಅಲ್ಲಿ ಗಟ್ಟಿಯಾಗಿ ನಗುವುದನ್ನು ಅಭ್ಯಾಸ ಮಾಡುತ್ತಿತ್ತು.

ಬೇರೆ ದಾರಿ ಕಾಣದೆ ಅಂಗಡಿಗೇ ಕರೆತಂದ. ಮೂಲೆಯಲ್ಲಿ ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ಟ್ರಯಲ್ ರೂಮು. ಅಂಗಿ ಬಿಚ್ಚಿದರೆ ಮೊಣಕೈ ತಗಲುವಷ್ಟು ದೊಡ್ಡದು. ಹೆಂಡತಿಯನ್ನು ಒಳಗೆ ಬಿಟ್ಟು ಪರದೆ ಎಳೆದ. ಬಾಗಿಲಲ್ಲಿ ಆಗಲೇ ಜನ ನಿಂತಿದ್ದರು. ಆತ ಹಳೆಯ ಹೊಲಿಗೆ ಮಿಷನ್ನಿನ ಮುಂದೆ ಕೂತು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತುಳಿಯತೊಡಗಿದ. ಅದರ ಗಡಗಡ ಸದ್ದಿಗೆ ಬೀದಿಯವರೆಲ್ಲ ಬೈದಿದ್ದರು. ಇವತ್ತು ಅವನಿಗೆ ಅದರ ಮೇಲೆ ಮುದ್ದು ಬಂತು.

‘ಏನಣ್ಣ, ಸೂಜೀಲಿ ದಾರಾನೇ ಇಲ್ವಲ್ಲ!’ ಎಂದ ಒಬ್ಬ ಗಿರಾಕಿ.

‘ಅರ್ಜೆಂಟ್ ಕೆಲ್ಸ, ಸುಮ್ನಿರಿ.’

ಬಹಳ ಹೊತ್ತಿನ ಮೇಲೆ ಕಣ್ಣು ಊದಿಸಿಕೊಂಡು ಹೊರಬಂದವಳು, ‘ಹಸಿವಾಗ್ತಿದೆ ರೀ’ ಎಂದಳು. ದರ್ಜಿಗೆ ಹೋದ ಜೀವ ಬಂದಂತಾಯಿತು.

ಆ ಕಟ್ಟಡದಲ್ಲಿ ಇಂಥದ್ದನ್ನೆಲ್ಲ ಮುಚ್ಚಿಡಲಾದೀತೆ? ಮಾರನೆಯ ಬೆಳಿಗ್ಗೆ ಅಂಗಡಿಗೆ ಬಂದವನು ಪಕ್ಕದ ಮನೆಯ ಕಾವಲುಗಾರ. ಆರಡಿ ಆಳು, ಹುರಿ ಮೀಸೆ. ಪಾಳಿ ಮುಗಿಸಿ ಮಲಗದೆ ನೇರ ಬಂದಿದ್ದ. ಕೈಯಲ್ಲಿ ಅಳತೆಗೆ ಸರಿಯಾಗಿಯೇ ಇದ್ದ ಅಂಗಿ.

‘ಸ್ವಲ್ಪ ಬಿಗಿ ಆಗ್ತಿದೆ... ಒಳಗೆ ಹೋಗಿ ಹಾಕ್ಕೊಂಡು ನೋಡ್ಲಾ?’ ಎಂದು ನೆಲ ನೋಡಿದ.

ದರ್ಜಿ ಪರದೆ ಸರಿಸಿಕೊಟ್ಟು, ಮಿಷನ್ನಿನ ಮುಂದೆ ಕೂತು, ‘ಎಷ್ಟು ಜೋರಾಗಿ ತುಳೀಲಿ?’ ಎಂದ.