ಪೌಣೆ ಹನ್ನೆರಡರ ಬಸ್ಸು

ಪ್ರಭುವಿನ ಅಂಗಳದಾಗ ನನ್ನ ಜೋಡಿ ಕುಂತು ಭಜನಿ ಮಾಡೋ ಅಕ್ಕತಂಗ್ಯಾರಿಗೆ, ಅಣ್ಣತಮ್ಮಂದಿರಿಗೆ ಶರಣು. ಹೋದ ವರ್ಷ ನಾ ಗಣಿತದಾಗ ಎರಡನೇ ಸಲ ಫೇಲಾದೆ. ನಲವತ್ತೆರಡರ ವಯಸ್ಸಿನ್ಯಾಗ ಫೇಲಾಗೂದು ಹ್ಯಾಂಗಿರ್ತದ ಅಂತ ಆದವರಿಗೇ ಗೊತ್ತು.

ನನ್ನ ಹೆಸರು ಸುನಂದಾ. ಹುಮನಾಬಾದದಾಗ ಬ್ಲೌಸ್ ಹೊಲಿಯೋ ಅಂಗಡಿ ಇಟ್ಟೇನಿ. ಹುಡುಗಿ ಇದ್ದಾಗ ಹತ್ತನೇತ್ತದಾಗ ಗಣಿತ ಒಂದು ಉಳೀತು, ಮದುವಿ ಆತು, ಪುಸ್ತಕ ಅಟ್ಟಕ್ಕ ಹೋತು. ಆದ್ರ ಬಟ್ಟಿ ಕತ್ತರಿಸಿ ಕತ್ತರಿಸಿ ನನಗ ಲೆಕ್ಕದ ಹುಚ್ಚು ಹಿಡೀತು. ಮೊದಲು ಆ ಉಳಿದ ಗಣಿತ, ಆಮ್ಯಾಲ ಪಿಯುಸಿ, ಆಮ್ಯಾಲ ಗಣಿತದಾಗೇ ಡಿಗ್ರಿ, ಎಲ್ಲಾ ಮನ್ಯಾಗಿಂದನ ಅಂತ ಹಂಚಿಕಿ ಹಾಕಿ ದೂರಶಿಕ್ಷಣಕ್ಕ ಹೆಸರು ಹಚ್ಚಿದೆ. ಐತವಾರಕ್ಕೊಮ್ಮೆ ಬಸವಕಲ್ಯಾಣಕ್ಕ ಕ್ಲಾಸಿಗೆ ಹೋಗಿ ಬರತಿದ್ದೆ. ಬಸ್ಸಿನ್ಯಾಗ ನಿಂತೇ ಸೂತ್ರ ಬಾಯಿಪಾಠ ಮಾಡೀನಿ. ಕಂಡಕ್ಟರ್ ಒಂದಿನ, "ಯಕ್ಕಾ, ಮಂತ್ರ ಹೇಳಾಕತ್ತೀರೇನ್ರಿ?" ಅಂತ ಕೇಳಿದ.

ಮೊದಲನೇ ಸಲ ಎರಡು ಮಾರ್ಕ್ಸ್ ಕಮ್ಮಿ ಬಿತ್ತು, ಎರಡನೇ ಸಲ ಮೂರು. ಕ್ಲಾಸಿನ ಸರ್ ನನ್ನ ಹಾಳಿ ನೋಡಿ, "ಬಾಯಾರ, ನಿಮ್ಮ ದಾರಿ ಎಲ್ಲಾ ಸರಿ ಅದರಿ. ಈ ಉತ್ತರ ಎಲ್ಲಿಂದ ಬರ್ತಾವೋ ನನಗ ತಿಳೀವಲ್ದು" ಅಂದ್ರು. ನನಗೂ ತಿಳೀತಿರಲಿಲ್ಲ. ಒಂದೇ ಥರದ ನಾಕು ಲೆಕ್ಕದಾಗ ಮೂರು ಸರಿ ಬರೂದು, ಒಂದು ತಪ್ಪೂದು. ನಮ್ಮ ಮನಿಯವರು ಆಟೋ ಓಡಸ್ತಾರ, ಮಾತಿನ್ಯಾಗ ಭಾಳ ಚುರುಕ. "ಇಪ್ಪತ್ತು ವರ್ಷದಾಗ ಒಂದು ಬ್ಲೌಸಿನ ಅಳತಿ ತಪ್ಪಿಲ್ಲ ನಿಂದು. ಪೇಪರ್ ಕಂಡ್ರ ಟೇಪು ನುಂಗ್ತೀಯೇನು?" ಅಂದ್ರು. ನಕ್ಕೆ, ಆದ್ರ ಒಳಗ ಹೋಗಿ ಸೆರಗಿನ್ಯಾಗ ಕಣ್ಣು ಒರಿಸ್ಕೊಂಡೆ. ಯಾಕಂದ್ರ ಉಳಿದಿದ್ದು ಇನ್ನೊಂದೇ ಸಲ. ಅದರಾಗೂ ಹೋದ್ರ ನನ್ನ ಹೆಸರು ತಗೀತಿದ್ರು, ಡಿಗ್ರಿ ಮಾತು ಅಲ್ಲಿಗೇ ಮುಗೀತಿತ್ತು.

ಪರೀಕ್ಷಾಕ್ಕ ಎಂಟು ದಿನ ಇದ್ದಾಗ ಮಾಣಿಕನಗರಕ್ಕ, ಪ್ರಭುವಿನ ಗುಡಿಗೆ ಹೋದೆ. ಒಳಗ ಹೋಗೋಮುಂದ ರೋಡಿನ ಸ್ಟಾಪಿನ್ಯಾಗ ಒಬ್ಬ ಮೇಡಂ, "ಬಸವಕಲ್ಯಾಣದ ಬಸ್ಸು ಎಷ್ಟೊತ್ತಿಗೆ ಅಮ್ಮ?" ಅಂತ ಕೇಳಿದ್ರು. ಮಾತು ತುಮಕೂರು ಕಡೀದು. ಬ್ಯಾಂಕಿಗೆ ವರ್ಗ ಆಗಿ ಹೊಸದಾಗಿ ಬಂದವರಂತ. ನಾ, "ಪೌಣೆ ಹನ್ನೆರಡಕ್ಕ ಅದರಿ" ಅಂತ ಹೇಳಿ ಒಳಗ ಹೋದೆ.

ಎರಡು ವರ್ಷ ನಾ ಪ್ರಭುವಿಗೆ ಮಾರ್ಕ್ಸೇ ಬೇಡಿದ್ದೆ. ಅವತ್ತು ಮಾರ್ಕ್ಸ್ ಕೇಳೋ ಮುಖಾನೂ ನನಗ ಉಳಿದಿರಲಿಲ್ಲ. "ಪಾಸು ಮಾಡಬ್ಯಾಡಪ್ಪ ತಂದಿ, ಬಿಡು. ನಾ ಎಲ್ಲಿ ತಪ್ಪಾಕತ್ತೇನಿ ಅಷ್ಟು ತೋರಸು" ಅಂದೆ. ಅಂದು ಮನಸಾರ ಅತ್ತೆ. ಪ್ರಸಾದ ತಗೊಂಡು ಹೊರಗ ಬಂದಾಗ ಸಾಡೆ ಹನ್ನೆರಡು.

ಆ ಮೇಡಂ ಇನ್ನೂ ಅಲ್ಲೇ ಆರಾಮ ನಿಂತಿದ್ರು.

"ಯಾಕ್ರಿ, ಬಸ್ಸು ಬರಲಿಲ್ಲೇನ್ರಿ?"

"ಒಂದು ಬಂದು ಹೋಯ್ತು, ಬೇರೆ ಯಾವುದೋ ಇರಬೇಕು ಅಂದ್ಕೊಂಡೆ. ನೀವು ಹೇಳಿದ್ದಕ್ಕೆ ಇನ್ನೂ ಕಾಲು ಗಂಟೆ ಇದೆಯಲ್ಲ."

"ಪೌಣೆ ಹನ್ನೆರಡು ಆಗಿ ತಾಸು ಆಗಾಕ ಬಂತಲ್ರಿ."

ಅವರು ವಾಚು ತೋರಿಸಿದ್ರು. "ಪೌಣಾ ಅಂದ್ರೆ ಮುಕ್ಕಾಲು ತಾನೇ? ತರಕಾರಿಯವನು ಪೌಣಾ ಕಿಲೋ ಅಂತ ಮುಕ್ಕಾಲು ಕೆಜಿ ಕೊಡ್ತಾನೆ. ಹಾಗಾದ್ರೆ ಹನ್ನೆರಡು, ಮೇಲೆ ಮುಕ್ಕಾಲು."

"ಇಲ್ರಿ, ಹನ್ನೆರಡಕ್ಕ ಕಾಲು ತಾಸು ಕಮ್ಮಿ ಇದ್ರ ಪೌಣೆ ಹನ್ನೆರಡು. ಹನ್ನೊಂದೂ ಮುಕ್ಕಾಲು…" ಅಂದಾಕಿ ಅಲ್ಲೇ ಬಾಯಿ ತೆಗೆದು ನಿಂತೆ.

ಸವ್ವಾ ಮೂರು ಅಂದ್ರ ಮೂರೂ ಕಾಲು. ಸಾಡೆ ಮೂರು ಅಂದ್ರ ಮೂರೂವರಿ. ಇವೆರಡೂ ಮುಂದ ಹೋಗ್ತಾವ. ಪೌಣೆ ಒಂದೇ ಹಿಂದಕ್ಕ ಎಳೀತದ. ಪುಸ್ತಕದಾಗ ಮೂರರ ಬಾಜೂಕ ಮುಕ್ಕಾಲು ಕಂಡ ಕೂಡಲೇ ನಾ ಮನಸಿನ್ಯಾಗ "ಪೌಣೆ ಮೂರು" ಅಂತಿದ್ದೆ, ಕೈ ಎರಡೂ ಮುಕ್ಕಾಲು ಹಿಡಿದು ಮುಂದ ಹೋಗ್ತಿತ್ತು. ಟೇಪಿನ ಮ್ಯಾಲ ಗೆರಿ ಕಣ್ಣಿಗೆ ಕಾಣ್ತಾವ, ಅಲ್ಲಿ ತಪ್ಪಲಿಲ್ಲ. ಹಾಳಿ ಮ್ಯಾಲ ಪ್ರತಿ ಸಲ ಒಂದು ಪೂರಾ ನುಂಗಿ ಕುಂತಿದ್ದೆ.

ಮೇಡಂ ಬಸ್ಸು ತಪ್ಪಿಸ್ಕೊಂಡಾರ, ನಾ ಅವರ ಕೈ ಹಿಡಿದು ನಗಾಕತ್ತೇನಿ, ಅಳಾಕತ್ತೇನಿ. ಪಾಪ, ಅಂಜಿ ಬಿಟ್ರು. ನಮ್ಮ ಮನಿಯವರಿಗೆ ಫೋನ್ ಹಚ್ಚಿ ಕರೆಸಿ, ಆಟೋದಾಗ ಅವರನ್ನ ಹುಮನಾಬಾದ ಬಸ್‌ಸ್ಟ್ಯಾಂಡಿಗೆ ಮುಟ್ಟಿಸಿದ್ವಿ. ದಾರ್ಯಾಗ ಅವರ ಹೆಸರು ಲತಾ ಅಂತ ತಿಳೀತು, ನನ್ನ ಕಥಿ ಅವರಿಗೆ ತಿಳೀತು. ಮನಿಗೆ ಬಂದು ಹಳೇ ಹಾಳಿ ಎಲ್ಲಾ ಹರವಿದೆ. ತಪ್ಪಿದ ಒಂದೊಂದು ಲೆಕ್ಕದಾಗೂ ಮುಕ್ಕಾಲು ಕುಂತಿತ್ತು.

ಬಸವಕಲ್ಯಾಣದಾಗ ಪರೀಕ್ಷಾ. ಎರಡನೇ ಪ್ರಶ್ನೆದಾಗೇ ಐದೂ ಮುಕ್ಕಾಲು. ಪೆನ್ನು ಕೆಳಗಿಟ್ಟು, ಕೈ ಮುಗಿದು, ಇಪ್ಪತ್ಮೂರು ಬೈ ನಾಕು ಅಂತ ಬರದೆ. ಮೇಲ್ವಿಚಾರಕರು ನನ್ನನ್ನೇ ನೋಡಿದ್ರು. ನೋಡಲಿ ಅಂದೆ.

ಪಾಸಾದೆ, ಅದೂ ಫಸ್ಟ್‌ಕ್ಲಾಸಿನ್ಯಾಗ. ಈಗ ಪಿಯುಸಿ ಗಣಿತದ ಪುಸ್ತಕ ಮಷಿನ್ ಬಾಜೂಕ ಇಟ್ಕೊಂಡು ಇದನ್ನ ಬರ್ಯಾಕತ್ತೇನಿ. ಎರಡು ವರ್ಷ ಕೇಳಿದ್ದು ಕೊಡಲಿಲ್ಲ ಅಂತ ಪ್ರಭುವಿನ ಮ್ಯಾಲ ನನಗ ಸಿಟ್ಟಿತ್ತು, ಸುಳ್ಳು ಯಾಕ ಹೇಳಲಿ. ನಾ ಕೇಳೂದರಾಗೇ ತಪ್ಪಿದ್ದೆ. ತಪ್ಪು ತೋರಸು ಅಂದ ದಿನ, ಒಂದು ತಾಸಿನ್ಯಾಗ, ರೋಡಿನ ಮ್ಯಾಲ ನಿಲ್ಲಿಸಿ ತೋರಿಸಿದ. ಇಷ್ಟು ನಂಬಿಗಿ ನನಗ ಮೊದಲು ಇರಲಿಲ್ರಿ.

ಲತಾ ಮೇಡಂ ಈಗ ನನ್ನ ಹತ್ರನೇ ಬ್ಲೌಸ್ ಹೊಲಸ್ತಾರ. ಮೊನ್ನೆ, "ಯಾವಾಗ ಬರ್ಲಿ?" ಅಂತ ಫೋನಿನ್ಯಾಗ ಕೇಳಿದ್ರು. ಅವರಿಗೆ ತ್ರಾಸ ಆಗಬಾರದಂತ, "ಹತ್ತೂ ಮುಕ್ಕಾಲಿಗೆ ಬರ್ರಿ" ಅಂದೆ.

"ಪೌಣೆ ಹನ್ನೊಂದಕ್ಕ ಅನ್ರಿ," ಅಂದ್ರು ಅವರು, ಮತ್ತ ಬರೋಬ್ಬರಿ ಅದೇ ಟೈಮಿಗೆ ಬಂದ್ರು.